ಆದಿತ್ಯವಾರ ಕಡೆದಿಟ್ಟ ಮಸಾಲೆ, ಗುರುವಾರದ ಗಸಿ

ಮೊನ್ನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಕೂಟದಲ್ಲಿ ಅಡಿಗೆ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬರ್ಲಿಕ್ಕೆ ಆಗದವರು ಬರೆದು ಹಾಕಿ ಅಂತ ಕೇಳಿದ್ರು, ಹಾಗಾಗಿ ಫೋನಲ್ಲಿ ರೆಕಾರ್ಡ್ ಆದದ್ದನ್ನ ಕೇಳ್ಕೊಂಡು ಬರೆದಿದ್ದೇನೆ, ಮಧ್ಯದಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದ್ಲು ಒಂದು ಪ್ರಶ್ನೆ, ಕೈ ಎತ್ತಿ. ಕೆಲಸದ ದಿವಸ ರಾತ್ರಿ 8 ಗಂಟೆ ಕಳೆದ್ಮೇಲೆ ಮನೆ ಮುಟ್ಟುವವರು ಎಷ್ಟು ಜನ ಇದ್ದೀರಿ? ನೋಡಿ, ಅರ್ಧ ಹಾಲ್ ಕೈ ಎತ್ತಿತು. ನಾನೂ ಅದೇ ಸಾಲಿನವಳು. 22 ವರ್ಷದಿಂದ ಫೋರ್ಟಿನಲ್ಲಿ ಆಫೀಸು, ಸಂಜೆ ಸಿಎಸ್‌ಎಂಟಿ ಸ್ಟೇಷನ್ನಿಂದ ಫಾಸ್ಟ್ ಲೋಕಲ್ ಟ್ರೇನ್ ಸಿಕ್ಕಿದ್ರೂ ಡೊಂಬಿವಲಿಗೆ ಒಂದು ಗಂಟೆ ಮೇಲೆ ಬೇಕು, ಇಳಿದ್ರೆ ರಿಕ್ಷಾದ ಲೈನು, ದಾರಿಯಲ್ಲಿ ತರಕಾರಿ, ಮನೆಗೆ ಬಂದು ಕೈಕಾಲು ತೊಳೆದು ಅಡಿಗೆ ಮನೆಗೆ ಹೋಗುವಾಗ ಎಂಟೂವರೆ. ಆಗ ಕಾಯಿ ಒಡೆದು, ಹೆರೆದು, ಮೆಣಸು ಕೊತ್ತಂಬರಿ ಹುರಿದು, ಕಡೆದು (ರುಬ್ಬಿ) ಗಸಿ, ನಮ್ಮ ಕರಾವಳಿಯ ಕಾಯಿ ಮಸಾಲೆಯ ಗಟ್ಟಿ ಪದಾರ್ಥ ಉಂಟಲ್ಲ, ಅದನ್ನ ಮಾಡುದು ಅಂದ್ರೆ ಆಗುದಿಲ್ಲ, ಯಾರಿಂದ್ಲೂ ಆಗುದಿಲ್ಲ. ಒಂದು ದಿನ ಖಿಚಡಿ, ಮರುದಿನ ಬರೀ ದಾಲು, ಮೂರನೇ ದಿನ ಹೊರಗಿಂದ ಆರ್ಡರ್, ಹಾಗೇ ವರ್ಷ ವರ್ಷ ಕಳೆದುಹೋಯ್ತು. ಒಂದು ರಜೆಯಲ್ಲಿ ಮಗಳು ಊರಲ್ಲಿ ಅಜ್ಜಿ ಮಾಡಿದ ಕಡ್ಲೆ ಗಸಿ ತಿಂದು "ಅಮ್ಮ, ಇದನ್ನ ನಮ್ಮ ಮನೆಯಲ್ಲಿ ಯಾಕೆ ಮಾಡುದಿಲ್ಲ?" ಅಂತ ಕೇಳಿದ್ಲು. ಅವಳಿಗೆ ಆಗ ಒಂಬತ್ತು ವರ್ಷ. ಆ ಮಾತು ನನಗೆ ತುಂಬಾ ನಾಟಿತು. ನಮ್ಮ ಊರಿನ ಅಡಿಗೆ ನನ್ನ ಮನೆಯಲ್ಲಿ ನಿಂತೇಹೋಗಿತ್ತು, ನಿಂತದ್ದು ನನಗೆ ಗೊತ್ತೂ ಆಗಿರ್ಲಿಲ್ಲ.

ಇವತ್ತು ನಾನು ಹೇಳ್ಲಿಕ್ಕೆ ಬಂದದ್ದು ಅದನ್ನ ವಾಪಸ್ ತಂದ ಕಥೆ. ಫ್ರೀಜರಲ್ಲಿ ಊಟ ಇಡುದು ಅಂದ ಕೂಡ್ಲೇ ಎಲ್ರಿಗೂ ಕಣ್ಣಮುಂದೆ ಬರುದು ಮಾಡಿ ಮುಗಿಸಿದ ಪದಾರ್ಥ ಡಬ್ಬಿ ಡಬ್ಬಿ ತುಂಬಿಸಿ ಇಡುದು, ಯೂಟ್ಯೂಬಲ್ಲಿ ತೋರಿಸ್ತಾರಲ್ಲ ಇಡೀ ತಿಂಗಳಿಂದು ಒಂದೇ ದಿನ ಮಾಡಿದ್ದೇನೆ ಅಂತ, ಹಾಗೆ. ನಾನೂ ಹಾಗೇ ಶುರು ಮಾಡಿದ್ದು, ನಮ್ಮ ಅಡಿಗೆಗೆ ಅದು ಸರಿ ಹೋಗ್ಲಿಲ್ಲ. ನಮ್ಮ ಅಡಿಗೆಯಲ್ಲಿ ಕಷ್ಟ ಇರುದು ಮೊದಲರ್ಧದಲ್ಲಿ, ನೆನೆಸುದು, ಬೇಯಿಸುದು, ಹುರಿಯುದು, ಹೆರೆಯುದು, ಕಡೆಯುದು. ರುಚಿ ಇರುದು ಕೊನೆಯ ಹತ್ತು ನಿಮಿಷದಲ್ಲಿ, ಕುದಿಸಿ, ಉಪ್ಪು ಹುಳಿ ನೋಡಿ, ಒಗ್ಗರಣೆ ಹಾಕಿದ ಹೊತ್ತಿನ ಪರಿಮಳ ಉಂಟಲ್ಲ, ಅದು. ಹಾಗಾಗಿ ನಾನು ಫ್ರೀಜರಿಗೆ ಹಾಕುದು ಮೊದಲರ್ಧವನ್ನ, ಕೊನೆಯರ್ಧ ಆ ದಿನಕ್ಕೇ ಬಿಡ್ತೇನೆ. ನಮ್ಮ ಮನೆಯಲ್ಲಿ ಇದಕ್ಕೆ ಅರ್ಧ ಅಡಿಗೆ ಅಂತಲೇ ಹೆಸರು ಬಿದ್ದಿದೆ.

ತಂಗಳು ಅಂತ ಹೇಳುವವರು ಇಲ್ಲೂ ಇದ್ದೀರಿ, ನನಗೆ ಮುಖ ನೋಡಿದ್ರೆ ಗೊತ್ತಾಗ್ತದೆ. ನಮ್ಮ ಅತ್ತೆಯೂ ಮೊದ್ಲು ಅದೇ ಹೇಳಿದ್ದು, ವಾರದ ಹಿಂದಿನದ್ದು ಮಕ್ಕಳಿಗೆ ಹಾಕುದಾ ಅಂತ. ಅವರ ಮಾತನ್ನ ನಾನು ತಳ್ಳಿಹಾಕುದಿಲ್ಲ, ಫ್ರಿಡ್ಜ್ ಇಲ್ಲದ ಕಾಲದಲ್ಲಿ ಆ ಹೆದರಿಕೆಯೇ ಎಷ್ಟೋ ಜನರ ಜೀವ ಉಳಿಸಿದ್ದು. ಆದ್ರೆ ಅದೇ ಅತ್ತೆ ಪ್ರತಿ ವರ್ಷ ಊರಿಂದ ಬರುವಾಗ ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ ತರ್ತಾರೆ, ಮಾವಿನ ರಸ ಒಣಗಿಸಿದ ಮಾಂಬಳ ತರ್ತಾರೆ, ಹಪ್ಪಳ, ಸಂಡಿಗೆ, ಒಣಗಿಸಿದ ಪುನರ್ಪುಳಿ, ಒಣ ಮೀನು ಎಲ್ಲ ತರ್ತಾರೆ. ಮಳೆಗಾಲಕ್ಕೆ ಬೇಕಾದ್ದನ್ನ ಬೇಸಿಗೆಯಲ್ಲೇ ಮಾಡಿಡುದು ನಮ್ಮ ಕರಾವಳಿಯವರಿಗೆ ಹೊಸತಾ ಹೇಳಿ? ಹಳಸ್ಲಿಕ್ಕೆ ನೀರು ಬೇಕು. ಕ್ರಿಮಿ ಬೆಳಿಲಿಕ್ಕೆ ಅದರ ಕೈಗೆ ಸಿಗುವ ನೀರು ಬೇಕು. ಹಪ್ಪಳದಲ್ಲಿ ಬಿಸಿಲು ಆ ನೀರನ್ನ ತೆಗೀತದೆ, ಸೊಳೆಯಲ್ಲಿ ಉಪ್ಪು ಆ ನೀರನ್ನ ಹಿಡಿದಿಡ್ತದೆ, ಫ್ರೀಜರಲ್ಲಿ ನೀರು ಕಲ್ಲಾಗ್ತದೆ.

ಇದನ್ನ ಹೇಳುವಾಗ ಎರಡನೇ ಸಾಲಲ್ಲಿ ಕೂತಿದ್ದ ಧಾರವಾಡದ ಕಡೆಯ ಅಕ್ಕ ಒಬ್ರು "ಹಂಗಾದ್ರ ನಮ್ಮ ಕಟಿ ರೊಟ್ಟಿ ತಿಂಗಳಾನಗಟ್ಲೆ ಇರ್ತಾವಲ್ರೀ, ಅದಕ್ಕ ಯಾವ ಫ್ರೀಜರ್ ಬೇಕ್ರೀ?" ಅಂದ್ರು. ಸರಿಯಾದ ಮಾತು. ಜೋಳದ ರೊಟ್ಟಿಯನ್ನ ಸುಟ್ಟು ಒಣಗಿಸಿ ಗರಿ ಗರಿ ಮಾಡಿದ್ರೆ ಅದರಲ್ಲಿ ಹಳಸುವಷ್ಟು ನೀರೇ ಇಲ್ಲ, ಅದಕ್ಕೆ ಫ್ರೀಜರ್ ಬೇಡ. ನಮ್ಮ ಕೋರಿ ರೊಟ್ಟಿಯ ರೊಟ್ಟಿಯೂ ಹಾಗೇ, ಡಬ್ಬಿಯಲ್ಲಿ ಇರ್ತದೆ, ಫ್ರೀಜರಿಗೆ ಹೋಗುದು ಅದರ ಮೇಲೆ ಹಾಕುವ ಗಸಿಯ ಮಸಾಲೆ ಮಾತ್ರ.

ಈಗ ಸ್ವಲ್ಪ ಡಿಗ್ರಿ ಲೆಕ್ಕ, ಬೋರ್ ಆಗ್ಬೇಡಿ, ಇದು ತಿಳ್ಕೊಳ್ಳದೆ ಮುಂದೆ ಹೋಗ್ಲಿಕ್ಕಾಗುದಿಲ್ಲ. ಫ್ರಿಡ್ಜಿನ ಕೆಳಗಿನ ಭಾಗ 4 ಡಿಗ್ರಿ ಆಸುಪಾಸು ಇರ್ಬೇಕು, ಅಲ್ಲಿ ಕ್ರಿಮಿಗಳು ನಿಧಾನ ಆಗ್ತವೆ, ನಿಲ್ಲುದಿಲ್ಲ. ಫ್ರೀಜರ್ ಮೈನಸ್ 18 ಇರ್ಬೇಕು, ಅಲ್ಲಿ ಅವು ಬೆಳೆಯುದು ನಿಲ್ತದೆ, ಆದ್ರೆ ಸಾಯುದಿಲ್ಲ. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಫ್ರೀಜರಿಗೆ ಹೋಗುವಾಗ ಊಟ ಹೇಗಿತ್ತೋ ಹೊರಗೆ ಬರುವಾಗ ಹಾಗೇ ಇರ್ತದೆ, ಅರ್ಧ ಹಳಸಿದ್ದನ್ನ ಒಳಗಿಟ್ರೆ ಅರ್ಧ ಹಳಸಿದ್ದೇ ಹೊರಗೆ ಬರುದು. ಮತ್ತೆ ಎಲ್ಲ ಫ್ರೀಜರೂ ಮೈನಸ್ 18 ಅಲ್ಲ. ನಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಇರುದು ಒಂದೇ ಬಾಗಿಲಿನ ಫ್ರಿಡ್ಜ್, ಮೇಲೆ ಚಿಕ್ಕ ಐಸಿನ ಗೂಡು. ಕೆಲವದರ ಫ್ರೀಜರ್ ಬಾಗಿಲ ಮೇಲೆ ಸಣ್ಣ ನಕ್ಷತ್ರಗಳು ಇರ್ತವೆ, ಕರೆಂಟ್ ಉಳಿತಾಯದ ಸ್ಟಾರ್ ಬೇರೆ, ಇದು ಬೇರೆ. ಒಂದು ನಕ್ಷತ್ರ ಅಂದ್ರೆ ಮೈನಸ್ 6, ಅಲ್ಲಿ ಒಂದು ವಾರ. ಎರಡು ಅಂದ್ರೆ ಮೈನಸ್ 12, ಒಂದು ತಿಂಗಳು. ಮೂರು ಇದ್ರೆ ಮೈನಸ್ 18, ಮೂರು ತಿಂಗಳು. ಗುರುತು ಇಲ್ಲದಿದ್ರೆ ಒಂದು ಚಿಕ್ಕ ಥರ್ಮಾಮೀಟರ್ ತಂದು ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ನೋಡಿ. ನಾನು ನೋಡಿದಾಗ ನಮ್ಮ ಹಳೇ ಫ್ರಿಡ್ಜ್ ಮೈನಸ್ 9 ತೋರಿಸಿತು, ಎರಡು ಬೆರಳು ದಪ್ಪ ಹಿಮ ಕಟ್ಟಿತ್ತು, ಅದನ್ನ ಡಿಫ್ರಾಸ್ಟ್ ಮಾಡಿ ತೆಗೆದ ಮೇಲೆ ಮೈನಸ್ 14ಕ್ಕೆ ಬಂತು.

ಐಸು ಈ ಊರಿಗೆ ಹೊಸತಲ್ಲ. 1830ರ ದಶಕದಲ್ಲಿ ಅಮೆರಿಕದ ಕೆರೆಗಳಲ್ಲಿ ಕತ್ತರಿಸಿದ ಐಸು ಹಡಗಲ್ಲಿ ಮುಂಬೈಗೆ ಬರ್ತಿತ್ತು, ದೊಡ್ಡ ಸಾಹುಕಾರರಿಗೆ ಮಾತ್ರ. ನಮ್ಮಂಥವರ ಮನೆಗೆ ಫ್ರಿಡ್ಜ್ ಬಂದದ್ದು ಎಷ್ಟೋ ಮೇಲೆ, ಗೋದ್ರೆಜ್‌ನವರು ಇಲ್ಲೇ ಫ್ರಿಡ್ಜ್ ಮಾಡ್ಲಿಕ್ಕೆ ಶುರು ಮಾಡಿದ್ದು 1958ರಲ್ಲಿ. ಇನ್ನು ಈಗ ಅಂಗಡಿಯಲ್ಲಿ ಸಿಗುವ ಫ್ರೋಜನ್ ಬಟಾಣಿ, ಮೀನು, ಪರೋಟ ಎಲ್ಲದಕ್ಕೂ ಮೂಲ ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವ ಅಮೆರಿಕದವನು. ಕೆನಡಾದ ಲ್ಯಾಬ್ರಡಾರಿನ ಚಳಿಯಲ್ಲಿ ಅಲ್ಲಿಯ ಇನುಯಿಟ್ ಜನ ಹಿಡಿದ ಮೀನು ಗಾಳಿಗೆ ಕ್ಷಣದಲ್ಲಿ ಕಲ್ಲಾಗುದನ್ನ, ತಿಂಗಳುಗಳ ಮೇಲೆ ಬೇಯಿಸಿದ್ರೂ ತಾಜಾ ಇರುದನ್ನ ನೋಡಿದ. ಬೇಗ ಹೆಪ್ಪುಗಟ್ಟಿದ್ರೆ ಐಸಿನ ಹರಳು ಚಿಕ್ಕದಾಗಿರ್ತದೆ, ನಿಧಾನ ಆದ್ರೆ ಹರಳು ದೊಡ್ಡದಾಗಿ ಒಳಗಿನ ಗೋಡೆಗಳನ್ನ ಒಡೀತದೆ, ಕರಗಿದಾಗ ಪಿಚ ಪಿಚ ನೀರು ಬಿಡುದು ಅದಕ್ಕೇ. ನಮ್ಮ ಮನೆಯ ಫ್ರೀಜರಿಗೆ ಲ್ಯಾಬ್ರಡಾರಿನ ಶಕ್ತಿ ಇಲ್ಲ, ಹಾಗಾಗಿ ನಾವು ಮಾಡ್ಬೇಕಾದ್ದು ತೆಳ್ಳಗೆ ಇಡುದು. ದೊಡ್ಡ ಡಬ್ಬಿಯ ನಡುಭಾಗ ಗಟ್ಟಿ ಆಗ್ಲಿಕ್ಕೆ ಇಡೀ ದಿನ ಬೇಕು, ಅದೇ ಮಸಾಲೆಯನ್ನ ಜಿಪ್ ಲಾಕ್ ಚೀಲದಲ್ಲಿ ಒಂದು ಬೆರಳಿಗಿಂತ ತೆಳ್ಳಗೆ ಹರಡಿ ಸ್ಟೀಲ್ ತಟ್ಟೆ ಮೇಲೆ ಮಲಗಿಸಿದ್ರೆ ಮೂರು ನಾಲ್ಕು ಗಂಟೆಯಲ್ಲಿ ಸ್ಲೇಟಿನ ಹಾಗೆ ಗಟ್ಟಿ, ಮತ್ತೆ ಕಪಾಟಲ್ಲಿ ಪುಸ್ತಕ ಇಟ್ಟ ಹಾಗೆ ನಿಲ್ಲಿಸಬಹುದು. ಚಿಕ್ಕ ಗೂಡಲ್ಲಿ ಎಷ್ಟು ಜಾಗ ಉಳೀತದೆ ಅಂತ ಮಾಡಿ ನೋಡಿದ್ರೇ ಗೊತ್ತಾಗುದು.

ನಮ್ಮ ಮನೆಯ ಒಂದು ಆದಿತ್ಯವಾರ ಹೇಳ್ತೇನೆ. ಶನಿವಾರ ರಾತ್ರಿ ಮಲಗುವ ಮೊದ್ಲು ಒಂದು ಕಿಲೋ ಕಪ್ಪು ಕಡ್ಲೆ ನೆನೆಸ್ತೇನೆ. ಬೆಳಿಗ್ಗೆ ಕುಕ್ಕರಲ್ಲಿ ಎರಡು ಸರ್ತಿ ಮಾಡಿ ಬೇಯಿಸಿದ್ರೆ ಬೆಂದದ್ದು ಎರಡು ಕಿಲೋ ಮೇಲೆ ಆಗ್ತದೆ. ಕೈಯಲ್ಲಿ ಒತ್ತಿದ್ರೆ ಒಡೀಬೇಕು ಆದ್ರೆ ಕರಗಬಾರ್ದು, ಮತ್ತೆ ಕುದಿಯುವಾಗ ಇನ್ನೂ ಬೇಯ್ತದೆ, ಅದಕ್ಕೆ ಒಂದು ಸೀಟಿ ಕಮ್ಮಿ. ಅದು ಬೇಯುವಾಗ ಗಂಡ ಎರಡು ಕಾಯಿ ಹೆರೀತಾರೆ. ನಾನು ದಪ್ಪ ಬಾಣಲೆಯಲ್ಲಿ ಮೊದ್ಲು ಬ್ಯಾಡಗಿ ಮೆಣಸು 35, ಸ್ವಲ್ಪ ಎಣ್ಣೆಯಲ್ಲಿ, ಉಬ್ಬಿ ಹೊಳಪು ಬಂದ ಕೂಡ್ಲೇ ತೆಗೀಬೇಕು, ಕಪ್ಪಾದ್ರೆ ಇಡೀ ತಿಂಗಳ ಮಸಾಲೆ ಕಹಿ. ಮತ್ತೆ ಎಂಟು ದೊಡ್ಡ ಚಮಚ ಕೊತ್ತಂಬರಿ, ನಾಲ್ಕು ಸಣ್ಣ ಚಮಚ ಜೀರಿಗೆ, ಒಂದು ಸಣ್ಣ ಚಮಚ ಮೆಂತೆ, ಇದನ್ನ ಬೇರೆ ಬೇರೆ ಹುರಿಯುದು, ಒಟ್ಟಿಗೆ ಹಾಕಿದ್ರೆ ಮೆಂತೆ ಕರಟಿದ್ರೂ ಕೊತ್ತಂಬರಿ ಹಸಿ ಇರ್ತದೆ. ಆಮೇಲೆ ಬೆಳ್ಳುಳ್ಳಿ, ಎರಡು ನೀರುಳ್ಳಿ, ಕಡೆಗೆ ಕಾಯಿತುರಿ ಬಾಡಿಸಿ, ಹುಳಿ ಸೇರಿಸಿ, ನೀರು ಆದಷ್ಟು ಕಮ್ಮಿ ಹಾಕಿ ನುಣ್ಣಗೆ ಕಡೀತೇನೆ. ನೀರು ಜಾಸ್ತಿ ಆದ್ರೆ ಫ್ರೀಜರಲ್ಲಿ ಬರೀ ಐಸು ಇಟ್ಟ ಹಾಗೆ ಆಗ್ತದೆ. ಆ ಹೊತ್ತಿಗೆ ಮನೆಯಿಡೀ ಊರಿನ ಮದುವೆ ಮನೆಯ ಪರಿಮಳ, ನಮ್ಮ ಪಕ್ಕದ ಮನೆ ಮರಾಠಿ ಕಾಕು ಬಾಗಿಲಲ್ಲಿ ನಿಂತು ಆಜ್ ಕಾಯ್ ವಿಶೇಷ್, ಇವತ್ತೇನು ವಿಶೇಷ ಅಂತ ಕೇಳ್ತಾರೆ.

ಇದು ನಾಲ್ಕು ಸರ್ತಿಯ ಮಸಾಲೆ, ನಾಲ್ಕು ಚೀಲ. ಕಡ್ಲೆಯೂ ನಾಲ್ಕು ಪಾಲು, ಬೇಯಿಸಿದ ನೀರು ಸಮೇತ. ಚೀಲದ ಗಾಳಿಯನ್ನ ಕೈಯಲ್ಲಿ ಒತ್ತಿ ಪೂರ್ತಿ ತೆಗೀಬೇಕು, ಗಾಳಿ ಉಳಿದ್ರೆ ಮೇಲ್ಮೈಯ ಐಸು ಹಾಗೇ ಆವಿಯಾಗಿ ಹೋಗಿ ಬಿಳಿ ಬಿಳಿ ಒಣ ಕಲೆ ಬೀಳ್ತದೆ, ತಿಂದ್ರೆ ತೊಂದರೆ ಇಲ್ಲ, ರುಚಿ ಮಾತ್ರ ಹಳೇ ರಟ್ಟಿನ ಹಾಗೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ತದೆ, ಹಾಗಾಗಿ ಡಬ್ಬಿ ಆದ್ರೆ ಕಂಠದ ವರೆಗೆ ತುಂಬಿಸ್ಬೇಡಿ, ಗಾಜಿನ ಬಾಟ್ಲಿ ಬೇಡವೇ ಬೇಡ. ಮೇಲೆ ಮಾಸ್ಕಿಂಗ್ ಟೇಪಲ್ಲಿ ಹೆಸರು ಮತ್ತೆ ತಾರೀಕು, ಇದು ಮಗಳ ಕೆಲಸ. ಕಲ್ಲಾದ ಮೇಲೆ ಎಲ್ಲ ಕೆಂಪು ಮಸಾಲೆಯೂ ಒಂದೇ ಥರ ಕಾಣ್ತದೆ, ಮೀನಿನ ಮಸಾಲೆಯಲ್ಲಿ ಕಡ್ಲೆ ಗಸಿ ಮಾಡುವ ಪರಿಸ್ಥಿತಿ ಬರಬಾರ್ದು. ಎಲ್ಲ ಒಟ್ಟಿಗೆ ಫ್ರೀಜರಿಗೆ ತುಂಬಿಸ್ಬೇಡಿ, 28 ಲೀಟರ್ ಜಾಗಕ್ಕೆ ಒಂದು ದಿನಕ್ಕೆ ಒಂದು ಕಿಲೋ ಸ್ವಲ್ಪ ಮೇಲೆ ಹೊಸ ಸಾಮಾನು ಹೋದ್ರೆ ಸಾಕು, ಇಲ್ಲದಿದ್ರೆ ಮೊದ್ಲಿಂದ ಇದ್ದದ್ದೂ ಮೆತ್ತಗಾಗ್ತದೆ. ಉಳಿದದ್ದು ಕೆಳಗೆ ಫ್ರಿಡ್ಜಲ್ಲಿ ಕಾಯ್ಲಿ, ಮರುದಿನ ಹಾಕಿ.

ಗುರುವಾರ ಎಂಟೂವರೆಗೆ ಬಂದ್ರೆ ಎರಡು ಚೀಲ ಹೊರಗೆ, ನಲ್ಲಿ ನೀರಿನ ಕೆಳಗೆ ಒಂದು ನಿಮಿಷ ಹಿಡಿದ್ರೆ ಅಂಚು ಬಿಡ್ತದೆ, ಎರಡನ್ನೂ ಪಾತ್ರೆಗೆ ಹಾಕಿ ಮುಚ್ಚಿ ಸಣ್ಣ ಉರಿ, ಕರಗಿದ ಮೇಲೆ ದೊಡ್ಡ ಉರಿ, ಉಪ್ಪು ಬೆಲ್ಲ ನೋಡಿ, ಬುಳುಬುಳು ಅಂತ ನಡುವಿಂದ ಕುದಿಬೇಕು, ಬರೀ ಬದಿಯಲ್ಲಿ ಗುಳ್ಳೆ ಬಂದ್ರೆ ಸಾಲದು. ಡಿಗ್ರಿ ಲೆಕ್ಕದಲ್ಲಿ ನಡುಭಾಗ 74 ದಾಟ್ಬೇಕು, ಕುದಿದ್ರೆ ಅದು ದಾಟಿದ್ದೇ. ಆಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ. 25 ನಿಮಿಷ. ಅನ್ನ ಆಗುವಷ್ಟರಲ್ಲಿ ಗಸಿ ರೆಡಿ, ತಿನ್ನುವವರಿಗೆ ಅದು ಈಗ ತಾನೇ ಮಾಡಿದ್ದು, ಯಾಕಂದ್ರೆ ನಿಜವಾಗ್ಲೂ ಈಗ ತಾನೇ ಮಾಡಿದ್ದೇ.

ಈಗ ನಾನು ಮಾಡಿದ ಒಂದು ತಪ್ಪು ಹೇಳ್ಬೇಕು, ಇವತ್ತು ಬೇರೆ ಎಲ್ಲ ಮರೆತ್ರೂ ಇದನ್ನ ಮರೀಬೇಡಿ. ಮೂರು ವರ್ಷ ಹಿಂದೆ, ಮೇ ತಿಂಗಳು, ಶನಿವಾರ ರಾತ್ರಿ ದೊಡ್ಡ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿದ್ದೆ, ಬಿಸಿ ಇರುವಾಗ ಫ್ರಿಡ್ಜಿಗೆ ಇಡಬಾರ್ದು ಅಂತ ಚಿಕ್ಕಂದಿನಿಂದ ಕೇಳಿದ್ದಲ್ಲ, ತಣಿಲಿ ಅಂತ ಮುಚ್ಚಿ ಕಟ್ಟೆ ಮೇಲೆ ಬಿಟ್ಟು ಮಲಗಿದೆ. ಬೆಳಿಗ್ಗೆ ವಾಸನೆ ಏನೂ ಇರ್ಲಿಲ್ಲ, ಡಬ್ಬಿಗೆ ತುಂಬಿಸಿ ಫ್ರೀಜರಿಗೆ ಹಾಕಿದೆ. ಬುಧವಾರ ತೆಗೆದು ಚೆನ್ನಾಗಿ ಹಬೆ ಬರುವ ತನಕ ಬಿಸಿ ಮಾಡಿ ಬಡಿಸಿದೆ. ರಾತ್ರಿ ಒಂದು ಗಂಟೆಗೆ ಮಗಳಿಗೆ ವಾಂತಿ ಶುರು, ಮತ್ತೆ ಗಂಡನಿಗೆ. ಮಗಳ ತಲೆ ಹಿಡ್ಕೊಂಡು ಬಾತ್‌ರೂಮಲ್ಲಿ ಕೂತದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಬೆಳಿಗ್ಗೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಅನ್ನದ್ದೇನಾದ್ರೂ ತಿಂದಿದ್ರಾ, ಅದು ಎಷ್ಟು ಹೊತ್ತು ಹೊರಗಿತ್ತು ಅಂತ. ನಾನು, ಚೆನ್ನಾಗಿ ಬಿಸಿ ಮಾಡಿದ್ದೆ ಡಾಕ್ಟ್ರೇ, ಅಂದೆ. ಅವರು ಹೇಳಿದ್ದು ಇಷ್ಟು, ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರ್ತದೆ, ಅಕ್ಕಿ ಬೆಂದ್ರೂ ಅದು ಸಾಯುದಿಲ್ಲ, ಬೆಚ್ಚಗೆ ಬಿಟ್ರೆ ಮೊಳೆತು ಹೆಚ್ಚಾಗಿ ಒಂದು ವಿಷ ಮಾಡ್ತದೆ, ಆ ವಿಷ ಕುದಿಸಿದ್ರೂ ಹೋಗುದಿಲ್ಲ. ಎರಡು ದಿನದಲ್ಲಿ ಇಬ್ರೂ ಸರಿಯಾದ್ರು. ನಾನು ಮಾತ್ರ ಆರು ತಿಂಗಳು ಫ್ರೀಜರಿಗೆ ಒಂದು ಡಬ್ಬಿ ಇಡ್ಲಿಲ್ಲ.

ಕೊನೆಗೆ ಕೂತು ಓದಿ ಅರ್ಥ ಮಾಡ್ಕೊಂಡದ್ದು ಏನಂದ್ರೆ, ತಪ್ಪು ಫ್ರೀಜರದ್ದಲ್ಲ, ಒಲೆಯಿಂದ ಫ್ರೀಜರಿಗೆ ಹೋಗುವ ದಾರಿಯದ್ದು. 5 ಡಿಗ್ರಿಯಿಂದ 60 ಡಿಗ್ರಿ ಒಳಗೆ ಊಟ ಎಷ್ಟು ಹೊತ್ತು ಕಳೀತದೋ ಅಷ್ಟು ಅಪಾಯ. ಬೇಯಿಸಿದ್ದು ಎರಡು ಗಂಟೆ ಒಳಗೆ ಫ್ರಿಡ್ಜ್ ಸೇರ್ಬೇಕು, ನಮ್ಮ ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ ಅಂತ ಇಟ್ಕೊಳ್ಳಿ. ದೊಡ್ಡ ಪಾತ್ರೆ ಮುಚ್ಚಿಟ್ರೆ ಮೇಲೆ ಮುಟ್ಟಿದ್ರೆ ತಣ್ಣಗೆ, ನಡುವಲ್ಲಿ ಎಷ್ಟೋ ಗಂಟೆ ಉಗುರು ಬೆಚ್ಚಗೆ. ಹಾಗಾಗಿ ನಾನು ಈಗ ದೊಡ್ಡ ಪರಾತದಲ್ಲಿ ನೀರು ಮತ್ತೆ ಎರಡು ಟ್ರೇ ಐಸು ಹಾಕಿ ಅದರಲ್ಲಿ ಪಾತ್ರೆ ಕೂರಿಸ್ತೇನೆ, ಸೌಟಲ್ಲಿ ತಿರುಗಿಸ್ತಾ ಇದ್ರೆ ಅರ್ಧ ಗಂಟೆಯಲ್ಲಿ ತಣಿತದೆ. ಅನ್ನ ಪಲಾವ್ ಆದ್ರೆ ಅಗಲ ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ. ಸ್ವಲ್ಪ ಬೆಚ್ಚಗೆ ಇದ್ರೂ ಚಿಕ್ಕ ಚಿಕ್ಕ ಡಬ್ಬಿ ಆದ್ರೆ ಫ್ರಿಡ್ಜಿಗೆ ಇಡಬಹುದು, ಫ್ರಿಡ್ಜ್ ಹಾಳಾಗುದಿಲ್ಲ. ಬಿಸಿ ಇಡಬಾರ್ದು ಅನ್ನುವ ಮಾತನ್ನ ನಾವು ರಾತ್ರಿಯಿಡೀ ಹೊರಗೆ ಬಿಡುವಷ್ಟು ದೂರ ಎಳೆದದ್ದೇ ತಪ್ಪು.

ಅನ್ನದ ಬಗ್ಗೆ ಇನ್ನೊಂದು, ಇದು ತುಂಬಾ ಜನ ಒಪ್ಪುದಿಲ್ಲ. ಉಳಿದ ಅನ್ನವನ್ನ ಫ್ರಿಡ್ಜಿಗಿಂತ ಫ್ರೀಜರಲ್ಲಿ ಇಟ್ರೆ ಮೆತ್ತಗೆ ಇರ್ತದೆ. ಅನ್ನ ಗಟ್ಟಿ ಆಗುದು ಬರೀ ಒಣಗಿ ಅಲ್ಲ, ಬೆಂದಾಗ ಸಡಿಲಾದ ಪಿಷ್ಟ ತಣ್ಣಗಾಗ್ತಾ ಮತ್ತೆ ಗಟ್ಟಿ ಕಟ್ಕೊಳ್ತದೆ, ಅದು ಅತಿ ಬೇಗ ಆಗುದು ಫ್ರಿಡ್ಜಿನ 4 ಡಿಗ್ರಿಯ ಹತ್ತಿರವೇ. ಪೂರ್ತಿ ಹೆಪ್ಪುಗಟ್ಟಿದ್ರೆ ಆ ಕೆಲಸ ನಿಲ್ತದೆ. ಬೇಗ ತಣಿಸಿ, ಒಬ್ಬರ ಪಾಲು ಒಂದು ಡಬ್ಬಿ ಮಾಡಿ ಇಟ್ಟು, ಎರಡು ಚಮಚ ನೀರು ಚಿಮುಕಿಸಿ ಹಬೆಯಲ್ಲಿ ಬಿಸಿ ಮಾಡಿ ನೋಡಿ. ಇಡ್ಲಿಯೂ ಹಾಗೇ, ಹಿಟ್ಟನ್ನ ಫ್ರೀಜ್ ಮಾಡುದಕ್ಕಿಂತ ಬೆಂದ ಇಡ್ಲಿ ಫ್ರೀಜ್ ಮಾಡಿ, ಹಬೆಗೆ ಹತ್ತು ನಿಮಿಷ ಇಟ್ರೆ ಸ್ಪಂಜಿನ ಹಾಗೆ ಬರ್ತದೆ. ಚಪಾತಿ ಅರ್ಧ ಬೇಯಿಸಿ ಮಧ್ಯೆ ಬಟರ್ ಪೇಪರ್ ಹಾಕಿ ಇಡಿ. ನೀರುದೋಸೆಗೆ ಮಾತ್ರ ಇದ್ಯಾವುದೂ ಇಲ್ಲ, ಅದು ಕಾವಲಿಯಿಂದ ನೇರ ಬಾಳೆಲೆಗೆ.

ಕೆಲವನ್ನ ಒಳಗೆ ಹಾಕ್ಲೇಬೇಡಿ. ಬಟಾಟೆ ಮರಳು ಮರಳು ಆಗ್ತದೆ, ಹಾಗಾಗಿ ಸಾಂಬಾರಿನ ಬೇಳೆ ಮಸಾಲೆ ಇಡಿ, ಬಟಾಟೆ ಆ ದಿನ ಹಾಕಿ. ಮೊಸರು ಹಾಕಿದ ಮಜ್ಜಿಗೆಹುಳಿ ಒಡೀತದೆ. ತೆಂಗಿನ ಹಾಲು ಬೇರೆ ಬೇರೆ ಆಗಿ ನಿಲ್ತದೆ, ಕಾಯಿತುರಿ ಮತ್ತೆ ಕಡೆದ ಕಾಯಿ ಮಾತ್ರ ಚೆನ್ನಾಗಿ ಇರ್ತದೆ. ಸೌತೆ, ಬೇಯಿಸಿದ ಮೊಟ್ಟೆ, ಇವೂ ಬೇಡ. ಚಳಿಗಾಲದಲ್ಲಿ ಅಗ್ಗಕ್ಕೆ ಸಿಗುವ ಬಟಾಣಿ ಸುಲಿದು ಹಾಗೇ ಇಟ್ರೆ ಎರಡು ತಿಂಗಳಲ್ಲಿ ಹುಲ್ಲಿನ ರುಚಿ, ಕುದಿಯುವ ನೀರಲ್ಲಿ ಒಂದೂವರೆ ನಿಮಿಷ ಮುಳುಗಿಸಿ ಐಸು ನೀರಿಗೆ ಹಾಕಿ ಒರೆಸಿ ಇಟ್ರೆ ಬಣ್ಣವೂ ನಿಲ್ತದೆ ಸಿಹಿಯೂ ನಿಲ್ತದೆ.

ಮೀನಿನ ಬಗ್ಗೆ ಕೇಳಿಯೇ ಕೇಳ್ತೀರಿ ಅಂತ ಗೊತ್ತಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ. ಹಾಗಾಗಿ ಮೇ ಕೊನೆಯಲ್ಲಿ ನಮ್ಮವರು ಕಿಲೋಗಟ್ಲೆ ತಂದು ತುಂಬಿಸ್ತಾರೆ. ಅಂಜಲ್ ಪರವಾಗಿಲ್ಲ, ಬಂಗುಡೆ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಆ ಎಣ್ಣೆ ಫ್ರೀಜರಲ್ಲೂ ನಿಧಾನಕ್ಕೆ ಕಮಟು ಆಗ್ತದೆ, ಅದನ್ನ ಮೊದ್ಲು ಮುಗಿಸಿ. ಕ್ಲೀನ್ ಮಾಡಿದ ತುಂಡನ್ನ ಬಿಡಿ ಬಿಡಿಯಾಗಿ ತಟ್ಟೆ ಮೇಲೆ ಗಟ್ಟಿ ಮಾಡಿ, ಒಮ್ಮೆ ಐಸು ನೀರಲ್ಲಿ ಅದ್ದಿ ಮತ್ತೆ ಒಳಗಿಡಿ, ಮೇಲೆ ತೆಳು ಗಾಜಿನ ಹಾಗೆ ಐಸು ಕೂರ್ತದೆ, ಒಣಗುದಿಲ್ಲ. ಹಿಂದಿನ ರಾತ್ರಿ ಕೆಳಗೆ ಫ್ರಿಡ್ಜಿಗೆ ಇಳಿಸಿದ್ರೆ ಸಂಜೆಗೆ ಕರಗಿರ್ತದೆ, ಕಟ್ಟೆ ಮೇಲೆ ಬಿಡ್ಬೇಡಿ. ಹೊರಗೆ ಕರಗಿದ್ದನ್ನ ವಾಪಸ್ ಫ್ರೀಜರಿಗೆ ಹಾಕುದೂ ಬೇಡ.

ನನಗೆ ಅತಿ ಖುಷಿ ಕೊಟ್ಟದ್ದು ಪತ್ರೊಡೆ. ಮಳೆ ಶುರುವಾದ್ರೆ ಇಲ್ಲಿ ಎಲ್ಲ ಮಾರ್ಕೆಟಲ್ಲೂ ಅಳೂ ಅಂತ ಕೆಸುವಿನ ಎಲೆ ಕಟ್ಟು ಕಟ್ಟು ಬರ್ತದೆ, ಪಕ್ಕದ ಕಾಕು ಕಡ್ಲೆಹಿಟ್ಟು ಹಚ್ಚಿ ಅಳೂವಡಿ ಮಾಡ್ತಾರೆ, ನಾನು ಅಕ್ಕಿ ಮಸಾಲೆ ಕಡೆದು ಪತ್ರೊಡೆ. ಇಬ್ರೂ ಒಂದೇ ದಿನ ಕೂತು ಸುತ್ತಿ, ನಮ್ಮ ಮನೆಯ ದೊಡ್ಡ ಇಡ್ಲಿ ಅಟ್ಟದಲ್ಲಿ ಬೇಯಿಸಿ, ತಣಿಸಿ, ಸುರುಳಿ ಇಡಿಯಾಗಿಯೇ ಪ್ಯಾಕ್ ಮಾಡ್ತೇವೆ. ಆಮೇಲೆ ಬೇಕಾದಾಗ ಅರ್ಧ ಕರಗಿದ ಹೊತ್ತಲ್ಲಿ ಚೂರಿ ಹಾಕಿದ್ರೆ ಬಿಲ್ಲೆ ಬಿಲ್ಲೆ ಸಲೀಸಾಗಿ ಬರ್ತದೆ, ಕಾವಲಿ ಮೇಲೆ ತೆಂಗಿನೆಣ್ಣೆಯಲ್ಲಿ ಕೆಂಪಗೆ ಕಾಯಿಸಿದ್ರೆ ಆಯ್ತು. ಹೋದ ವರ್ಷ ಆಷಾಢದ ಪತ್ರೊಡೆಯನ್ನ ನಾವು ದೀಪಾವಳಿಗೆ ಸ್ವಲ್ಪ ಮೊದ್ಲು ತಿಂದೆವು. ಹಳೇ ಫ್ರಿಡ್ಜ್ ಹೋಗಿ ಎರಡು ಬಾಗಿಲಿಂದು ಬಂದ ಮೇಲೆಯೇ ಇದು ಆದದ್ದು, ಮೈನಸ್ 14ರ ಫ್ರೀಜರಲ್ಲಿ ಇಷ್ಟು ದಿನ ಇಡ್ಲಿಕ್ಕೆ ನಾನು ಹೇಳುದಿಲ್ಲ.

ಕರೆಂಟ್ ಹೋದ್ರೆ ಎಂತ ಮಾಡುದು ಅಂತ ಒಬ್ಬ ಅಣ್ಣ ಕೇಳಿದ್ರು. 2005 ಜುಲೈ 26 ಇಲ್ಲಿ ಇದ್ದವರು ಯಾರೂ ಮರೆತಿಲ್ಲ, ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ಎಷ್ಟೋ ಕಡೆ ದಿನಗಟ್ಲೆ ಕರೆಂಟ್ ಇರ್ಲಿಲ್ಲ. 2020 ಅಕ್ಟೋಬರ್ 12ಕ್ಕೆ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಇಡೀ ಮುಂಬೈಗೆ ಗ್ರಿಡ್ ಬಿದ್ದು ಲೋಕಲ್ ಟ್ರೇನೇ ನಿಂತಿತ್ತು. ಬಾಗಿಲು ತೆಗೀದೆ ಇದ್ರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡಿತದೆ, ಅರ್ಧ ಖಾಲಿ ಇದ್ದದ್ದು 24 ಗಂಟೆ, ಇದು ಫ್ರೀಜರಿಗೆ ಪ್ರತ್ಯೇಕ ಬಾಗಿಲು ಇರುವ ಒಳ್ಳೇ ಫ್ರಿಡ್ಜಿನ ಲೆಕ್ಕ, ಚಿಕ್ಕ ಗೂಡು ಅಷ್ಟು ತಡೆಯುದಿಲ್ಲ. ನೀವು ಊರಿಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂದಿದ್ರೆ ಗೊತ್ತಾಗ್ಲಿಕ್ಕೆ, ಒಂದು ಲೋಟದಲ್ಲಿ ನೀರು ಐಸಾಗಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ರೆ ಸರಿ. ತಳಕ್ಕೆ ಹೋಗಿದ್ರೆ ಎಲ್ಲ ಕರಗಿ ಮತ್ತೆ ಗಟ್ಟಿಯಾದದ್ದು, ಹೊಟ್ಟೆ ಉರಿದ್ರೂ ಬಿಸಾಡಿ.

ಇನ್ನೊಂದು ಮಾತು ಇಲ್ಲಿ ಕೂತ ಗಂಡಸರಿಗೆ. ಈ ಆದಿತ್ಯವಾರದ ಕೆಲಸ ಒಬ್ಬಳ ತಲೆಗೆ ಬಿದ್ರೆ ಅವಳ ರಜೆಯನ್ನೇ ಫ್ರೀಜರಿಗೆ ಹಾಕಿದ ಹಾಗೆ. ವಾರದ ಐದು ದಿನ ಟ್ರೇನಲ್ಲಿ ನಿಂತು ಬಂದವಳು ಏಳನೇ ದಿನವೂ ಒಲೆ ಮುಂದೆ ನಾಲ್ಕು ಗಂಟೆ ನಿಂತ್ರೆ ಅದರಿಂದ ಯಾರಿಗೆ ಸುಖ? ನಮ್ಮಲ್ಲಿ ಕಾಯಿ, ನೀರುಳ್ಳಿ ಬೆಳ್ಳುಳ್ಳಿ ಸುಲಿಯುದು ಮತ್ತೆ ಪಾತ್ರೆ ಗಂಡಂದು, ಟೇಪು ತಾರೀಕು ಮಗಳದ್ದು, ಹುರಿದು ಕಡೆಯುದು ನಂದು, ಹಾಗೆ ಮಾಡಿದ್ರೆ ಎರಡೂವರೆ ಗಂಟೆಯಲ್ಲಿ ಮುಗೀತದೆ, ತಿಂಗಳಿಗೆ ಎರಡು ಆದಿತ್ಯವಾರ ಸಾಕು.

ಕೊನೆಗೆ ಹಿಂದಿನ ಸಾಲಿಂದ ಒಬ್ಬಳು ಹುಡುಗಿ ಎದ್ದಳು. ಆಸ್ಪತ್ರೆಯಲ್ಲಿ ನರ್ಸ್, ನೈಟ್ ಡ್ಯೂಟಿ, ಮೂರು ಜನ ಸೇರಿ ರೂಮ್ ಮಾಡಿದ್ದಾರೆ, ಹಳೇ ಚಿಕ್ಕ ಫ್ರಿಡ್ಜು, ಮಿಕ್ಸಿ ಉಂಟು, ಸಮಯ ಇಲ್ಲ. "ಆಂಟಿ, ನಂಗೆ ಒಬ್ಬಳಿಗೆ ಎಂತ ಇಡಬಹುದು?" ಅಂತ ಕೇಳಿದ್ಲು. ಅವಳಿಗೆ ಹೇಳಿದ್ದು ಇದು. ಮಗಾ, ಮೊದ್ಲು ಒಂದೇ ಮಸಾಲೆ ಕಡೆದು ಐಸ್ ಟ್ರೇಯಲ್ಲಿ ಹಾಕು, ಗಟ್ಟಿಯಾದ ಮೇಲೆ ತುಂಡುಗಳನ್ನ ಒಂದು ಚೀಲಕ್ಕೆ ಸುರಿ. ಬೇಯಿಸಿದ ಹೆಸ್ರುಕಾಳು ಇನ್ನೊಂದು ಚೀಲದಲ್ಲಿ, ಬಿಡಿ ಬಿಡಿಯಾಗಿ. ನಿಮ್ಮ ಫ್ರಿಡ್ಜ್ ಹಳೇದು, ಅದಕ್ಕೆ ಒಂದು ವಾರಕ್ಕೆ ಆಗುವಷ್ಟೇ ಮಾಡು. ಬೆಳಿಗ್ಗೆ ಡ್ಯೂಟಿಯಿಂದ ಬಂದಾಗ ಮೂರು ತುಂಡು ಮಸಾಲೆ, ಒಂದು ಮುಷ್ಟಿ ಕಾಳು, ಒಂದು ಲೋಟ ನೀರು, ಚೆನ್ನಾಗಿ ಕುದಿಸು, ಒಗ್ಗರಣೆ ಹಾಕು, ಕುಚ್ಚಲಕ್ಕಿ ಗಂಜಿ ಜೊತೆ ತಿಂದು ಮಲಗು. ಬರುವ ಆದಿತ್ಯವಾರ ರಜೆ ಇದ್ರೆ ನಮ್ಮ ಮನೆಗೆ ಬಾ, ಎರಡು ಟ್ರೇ ತಗೊಂಡು ಬಾ, ಒಟ್ಟಿಗೆ ಕಡೆಯುವ.